ಹಗ್ಗದ ಕೆಳತುದಿ

ದುಃಖವು ಬಂದೊದಗಿದಾಗ ಮನುಷ್ಯನು ‘ಇದು ನನಗೇಕೆ ಬಂತು?’ ಎಂದು ಕೇಳದೆ ಇರುವುದಿಲ್ಲ. ಸುಖವು ಬಂದಾಗ ಅದೇ ಪ್ರಶ್ನೆಯನ್ನು ಕೇಳುವವರು ವಿರಳ. ಬಂದ ಸುಖವು ತನ್ನ ಹಕ್ಕೆಂದೂ, ಅದರ ಭಾರವನ್ನು ಹೊತ್ತವರು ಯಾರೂ ಇಲ್ಲವೆಂದೂ ಭಾವಿಸುವುದು ಲೋಕದ ರೂಢಿಯಾಗಿದೆ. ಶರಣಧರ್ಮವು ಈ ರೂಢಿಯನ್ನು ಒಪ್ಪುವುದಿಲ್ಲ. ಅನುಭವಿಸತಕ್ಕದ್ದೆಲ್ಲವೂ ಮೊದಲು ಅರ್ಪಿತವಾಗಬೇಕು. ಅರ್ಪಿತವಾದುದು ಪ್ರಸಾದವಾಗಿ ಮರಳಿ ಬರಬೇಕು. ಆ ಪ್ರಸಾದವನ್ನು ಅವಧಾನದಿಂದ ಸ್ವೀಕರಿಸಬೇಕು ಎಂಬುದು ಅದರ ಕ್ರಮ. ಅವಧಾನವೆಂದರೆ ಎಚ್ಚರ. ಈ ಎಚ್ಚರವು ಪೂಜೆಯ ಹೊತ್ತಿಗೆ ಮಾತ್ರ ಮೀಸಲಾದುದೋ, ಅಥವಾ ಗೆಳೆಯನೊಡನೆ ವಿನೋದಕ್ಕಾಗಿ ಬೆಟ್ಟವನ್ನೇರಿದ ಹೊತ್ತಿಗೂ ಸಲ್ಲತಕ್ಕದ್ದೋ? ಮಲೆನಾಡಿನ ಒಂದು ದೃಷ್ಟಾಂತವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸಬಹುದು.

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಗಳಲ್ಲಿ ಮಾಗಿಯೆಂದರೆ ಕಾಫಿ ಕೊಯ್ಲಿನ ಕಾಲ. ನವೆಂಬರಿನಿಂದ ಅರೇಬಿಕಾ ಹಣ್ಣು, ಅದರ ಬೆನ್ನಿಗೆ ರೊಬಸ್ಟಾ. ಮುಂಜಾನೆ ಗಿಡದ ಎಲೆಗಳಿಂದ ಇಬ್ಬನಿ ತೊಟ್ಟಿಕ್ಕುತ್ತದೆ. ಕಣಿವೆಗಳಲ್ಲಿ ಮಂಜು ಹಾಸಿರುತ್ತದೆ. ಕೊಯ್ಯುವವರು ತಲೆಗೆ ಬಟ್ಟೆ ಸುತ್ತಿಕೊಂಡು, ಕೈಗಳನ್ನು ಉಜ್ಜಿಕೊಳ್ಳುತ್ತ ಸಾಲು ಹಿಡಿಯುತ್ತಾರೆ. ಮುಂದಿನ ವರ್ಷದ ಫಸಲನ್ನು ಕೊಡತಕ್ಕ ಮೊಗ್ಗುಗಳು ಈ ಒಣಹವೆಯಲ್ಲಿ ನಿದ್ರಿಸುತ್ತಿರುತ್ತವೆ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಗಳಿಗೆ ಅವು ಒಟ್ಟಾಗಿ ಅರಳಿ, ಬೆಟ್ಟದ ಮಗ್ಗುಲುಗಳೆಲ್ಲ ಬೆಳ್ಳಗಾಗುತ್ತವೆ. ರಂಭಾಪುರಿ ಪೀಠದಿಂದ ಸದ್ಭಕ್ತರಿಗೆಲ್ಲ ಪರಿಚಿತವಾದ ಬಾಳೆಹೊನ್ನೂರಿನ ಸಮೀಪದಲ್ಲಿಯೇ 1925ರಲ್ಲಿ ಸ್ಥಾಪಿತವಾದ ಕಾಫಿ ಸಂಶೋಧನಾ ಕೇಂದ್ರವಿದೆ. ಒಂದು ಗಿಡವನ್ನು ಅರಿಯಲು ಒಂದು ಶತಮಾನದ ಪರಿಶ್ರಮವೂ ಸಾಲದೆಂದರೆ, ಆ ಗಿಡದ ಬಾಳು ಎಷ್ಟು ಸೂಕ್ಷ್ಮವಾದ ಕಾಲನಿಯಮಕ್ಕೆ ಒಳಪಟ್ಟಿರಬೇಕು!

ಆ ಕಾಲನಿಯಮವು ಈಚೆಗೆ ತಪ್ಪುತ್ತಿದೆ. 2021ರ ಜನವರಿಯಲ್ಲಿ ಈ ಬೆಟ್ಟಗಳ ಮೇಲೆ ಅಕಾಲದ ಮಳೆ ಸುರಿದು, ಕಣದಲ್ಲಿದ್ದ ಕಾಫಿ ನೆನೆಯಿತು; ಹಣ್ಣು ಇನ್ನೂ ಗಿಡದಲ್ಲಿರುವಾಗಲೇ ಹೂವು ಅರಳಿತು. 2025ರ ಫೆಬ್ರವರಿಯು, ದೇಶದ ಸರಾಸರಿ ಉಷ್ಣಾಂಶವನ್ನು ಲೆಕ್ಕ ಹಾಕಿದಾಗ, 1901ರಿಂದೀಚಿನ ಫೆಬ್ರವರಿಗಳಲ್ಲೆಲ್ಲ ಅತ್ಯಂತ ಬೆಚ್ಚಗಿನದೆಂದು ಹವಾಮಾನ ಇಲಾಖೆಯು ದಾಖಲಿಸಿತು. ಮಾಗಿಯ ಚಳಿಯನ್ನು ನೆಚ್ಚಿದ ಬೆಳೆಗಾರನಿಗೆ ಇದು ಚಿಂತೆಯ ವಿಷಯ. ಬೆಟ್ಟವನ್ನು ನೋಡಲು ಬಂದವನಿಗೆ ಮಾತ್ರ ಹಿತವಾದ ಬಿಸಿಲು. ಒಂದೇ ಬಿಸಿಲು ಒಬ್ಬನಿಗೆ ಕೊಡುಗೆ, ಮತ್ತೊಬ್ಬನಿಗೆ ಕೊರತೆ.

ಇಂಥ ಬೆಚ್ಚಗಿನ ಮಾಗಿಯ ಒಂದು ದಿನ, ಕಳಸದ ಕಡೆಯ ಒಂದು ತೋಟದ ಮೇಲ್ಗಡಿಯಲ್ಲಿರುವ ಬಂಡೆಯನ್ನೇರಲು ಇಬ್ಬರು ಗೆಳೆಯರು ಹೊರಟರೆಂದು ಭಾವಿಸಬಹುದು. ಒಬ್ಬನು ಆ ತೋಟದ ಮನೆಯವನು. ಮತ್ತೊಬ್ಬನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವನು. ರಾಮನಗರದ ಬಂಡೆಗಳ ಮೇಲೆ ಹಗ್ಗ ಕಟ್ಟಿ ಏರುವ ಕ್ರಮವನ್ನು ಕಲಿತು, ಗೆಳೆಯನಿಗೂ ಕಲಿಸಿಕೊಟ್ಟವನು. ಎಂದಿನ ಮಾಗಿಯಾಗಿದ್ದರೆ ಇಬ್ಬನಿ ಆರಿ ಬಂಡೆ ಒಣಗುವ ತನಕ ಕಾಯಬೇಕಾಗಿತ್ತು. ಆ ದಿನವಾದರೋ ಬೆಳಗಿನ ಎಂಟು ಗಂಟೆಗೇ ಕಲ್ಲು ಒಣಗಿ ಬೆಚ್ಚಗಾಗಿತ್ತು. ‘ನಮಗಾಗಿಯೇ ಒದಗಿದ ದಿನ’ ಎಂದು ಅತಿಥಿಯು ಹಿಗ್ಗಿದನು.

ಬಂಡೆಯ ಎತ್ತರ ಸುಮಾರು ಅರುವತ್ತು ಅಡಿ. ಅದರ ನೆತ್ತಿಯ ಮೇಲೆ ಬಲವಾಗಿ ಬೇರುಬಿಟ್ಟ ಮರವೊಂದಕ್ಕೆ ಪಟ್ಟಿಯನ್ನು ಸುತ್ತಿ, ಲೋಹದ ಕೊಂಡಿಯಲ್ಲಿ ಹಗ್ಗವನ್ನು ಹಾಯಿಸಿ, ಎರಡು ತುದಿಗಳನ್ನೂ ಕೆಳಕ್ಕಿಳಿಸಿದರು. ಒಂದು ತುದಿ ಏರುವವನ ಸೊಂಟಕ್ಕೆ. ಮತ್ತೊಂದು, ಕೆಳಗೆ ನಿಂತವನ ಸೊಂಟದಲ್ಲಿರುವ ಹಿಡಿಕೆಯ ಮೂಲಕ ಅವನ ಕೈಗೆ. ಏರುವವನು ಒಂದೊಂದು ಹೆಜ್ಜೆ ಮೇಲೆ ಹೋದಂತೆ ಕೆಳಗಿನವನು ಹಗ್ಗವನ್ನು ಎಳೆದುಕೊಳ್ಳುತ್ತಾನೆ. ಏರುವವನ ಕಾಲು ಜಾರಿದರೆ ಆ ಹಗ್ಗವೇ ಅವನ ಪ್ರಾಣ. ಆದುದರಿಂದ ಕೆಳಗಿನವನು ಯಾವ ಕಾರಣಕ್ಕೂ ಹಗ್ಗದ ಕೆಳತುದಿಯಿಂದ ಕೈ ತೆಗೆಯತಕ್ಕದ್ದಲ್ಲ. ಏರುವ ಮೊದಲು ‘ಹಿಡಿದಿದ್ದೀಯಾ?’ ಎಂದು ಮೇಲಿನವನು ಕೇಳಬೇಕು. ‘ಹಿಡಿದಿದ್ದೇನೆ’ ಎಂದು ಕೆಳಗಿನವನು ಹೇಳಬೇಕು. ಈ ಪ್ರಶ್ನೋತ್ತರವಾಗದೆ ಕಲ್ಲಿನ ಮೇಲೆ ಕಾಲಿಡಬಾರದೆಂಬುದು ಆ ವಿದ್ಯೆಯ ಮೊದಲನೆಯ ಪಾಠ.

ಅತಿಥಿಯು ಕೇಳಿದನು, ಗೆಳೆಯನು ಹೇಳಿದನು, ಏರುವುದು ಪ್ರಾರಂಭವಾಯಿತು. ನಡುವೆ ಎರಡು ಕಡೆ ಹಿಡಿತ ಸಿಕ್ಕದೆ ಬಹಳ ಹೊತ್ತು ಹಿಡಿಯಿತು. ಹನ್ನೊಂದು ಗಂಟೆಯ ವೇಳೆಗೆ ಅವನು ನೆತ್ತಿಯನ್ನು ಮುಟ್ಟಿ, ಮರದ ನೆರಳಿನಲ್ಲಿ ಅಂಚಿಗೆ ಕುಳಿತನು. ಎದುರಿಗೆ ಮೇರ್ತಿ ಗುಡ್ಡ, ಆಚೆಗೆ ಕುದುರೆಮುಖದ ಸಾಲು, ಕೆಳಗೆ ಕಣಿವೆಯಲ್ಲಿ ಭದ್ರೆ. ಮೇಲೆ ಗಾಳಿ ಬೀಸುತ್ತಿತ್ತು. ಅವನು ಮೈಮರೆತು ಅರ್ಧ ಗಂಟೆ ಕುಳಿತನು. ಹಗ್ಗವನ್ನು ಬಿಚ್ಚಲೂ ಇಲ್ಲ, ಇಳಿಯುತ್ತೇನೆಂದು ಕೂಗಲೂ ಇಲ್ಲ. ಅಂಚಿನಿಂದ ಹಿಂದಕ್ಕೆ ಸರಿದು ‘ಬಿಟ್ಟೆ, ನೀನು ನೆರಳಿಗೆ ಹೋಗು’ ಎಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಆ ಮಾತು ಅವನಿಗೆ ಹೊಳೆಯಲಿಲ್ಲ.

ಕೆಳಗೆ ನಿಂತವನಿಗೆ ನೆರಳಿರಲಿಲ್ಲ. ಕರಿಯ ಬಂಡೆ ಕಾದು ಮುಖಕ್ಕೆ ಝಳ ಹೊಡೆಯುತ್ತಿತ್ತು. ನೀರಿನ ಬಾಟಲಿಯು ಹತ್ತು ಮಾರು ದೂರದ ಚೀಲದಲ್ಲಿತ್ತು. ಹಗ್ಗವನ್ನು ಬಿಟ್ಟು ಹೋಗುವಂತಿರಲಿಲ್ಲ. ಬಾಯಿ ಒಣಗಿತು, ಕಣ್ಣು ಮಂಜಾಯಿತು. ಆದರೂ ಅವನು ಕೂಗಲಿಲ್ಲ. ಬಹುದಿನಕ್ಕೆ ಬಂದ ಗೆಳೆಯನ ಸಂತೋಷವನ್ನು ಕೆಡಿಸಬಾರದೆಂದು ಹಲ್ಲು ಕಚ್ಚಿ ನಿಂತನು. ಕೊನೆಗೆ ‘ಇಳಿಯುತ್ತೇನೆ’ ಎಂಬ ಕೂಗು ಕೇಳಿ ಹಗ್ಗವನ್ನು ಸಡಿಲಿಸತೊಡಗಿದಾಗ ಅವನ ಮೊಣಕಾಲುಗಳು ನಡುಗಿ, ದೇಹವು ಒಂದು ಕಡೆಗೆ ವಾಲಿತು.

ಬಂಡೆಯ ಕೆಳಗಿನ ಸಾಲಿನಲ್ಲಿ ಹಣ್ಣು ಕೊಯ್ಯುತ್ತಿದ್ದ ಮುದುಕಿಯೊಬ್ಬಳು ಇದನ್ನು ಕಂಡಳು. ಬುಟ್ಟಿಯನ್ನು ಅಲ್ಲಿಯೇ ಇಳಿಸಿ ಓಡಿಬಂದು, ಅವನ ಕೈಯ ಹಿಂದಿದ್ದ ಹಗ್ಗವನ್ನು ಎರಡು ಕೈಗಳಿಂದಲೂ ಬಿಗಿಹಿಡಿದು, ‘ಮೇಲಿರೋರು ನಿಲ್ಲಿ, ಕಲ್ಲು ಹಿಡ್ಕಳಿ!’ ಎಂದು ಕೂಗಿದಳು. ಮೇಲಿದ್ದವನು ಬಿರುಕಿನಲ್ಲಿ ಕಾಲೂರಿ ನಿಂತನು. ಬಳಿಕ ಇಬ್ಬರೂ ಸೇರಿ ಹಗ್ಗವನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಅವನನ್ನು ಇಳಿಸಿದರು. ಅಪಾಯವೇನೂ ಆಗಲಿಲ್ಲ. ಮುದುಕಿಯು ತನ್ನ ತಂಬಿಗೆಯ ನೀರನ್ನು ತೋಟದ ಮನೆಯವನಿಗೆ ಕುಡಿಸಿದಳು.

ಅತಿಥಿಯು ಗಾಬರಿಯಿಂದ, ‘ನೀನು ಯಾಕೆ ಹೇಳಲಿಲ್ಲ?’ ಎಂದು ಕೇಳಿದನು. ‘ನೀನು ಅಷ್ಟು ಸಂತೋಷದಲ್ಲಿದ್ದೆ, ಹೇಗೆ ಹೇಳಲಿ?’ ಎಂದು ಗೆಳೆಯನು ಉತ್ತರಿಸಿದನು. ಅದನ್ನು ಕೇಳಿದ ಮುದುಕಿಯು, ‘ಹಗ್ಗ ಕಟ್ಟಿದ್ದು ಸೊಂಟಕ್ಕಲ್ವಾ ಅಯ್ಯಾ, ಬಾಯಿಗಲ್ವಲ್ಲ’ ಎಂದು ಹೇಳಿ, ತನ್ನ ಬುಟ್ಟಿಯನ್ನೆತ್ತಿಕೊಂಡು ಸಾಲಿಗೆ ಹಿಂತಿರುಗಿದಳು.

ಇಲ್ಲಿ ತಪ್ಪು ಯಾರದು? ಮರೆತು ಕುಳಿತ ಮೇಲಿನವನದೆಂದು ಹೇಳುವುದು ಸುಲಭ. ಅವನು ಕೆಟ್ಟವನಲ್ಲ, ಗೆಳೆಯನಿಗೆ ಕೇಡನ್ನು ಬಯಸಿದವನಲ್ಲ. ಬೆಟ್ಟವನ್ನು ಕಂಡು ಹಿಗ್ಗಿದುದು ದೋಷವಲ್ಲ. ಶರಣಧರ್ಮವು ಜಗತ್ತನ್ನು ಮಿಥ್ಯೆಯೆಂದು ಹಳಿದು, ಸಂತೋಷವನ್ನು ಪಾಪವೆಂದು ಹೇಳಿದ ಧರ್ಮವಲ್ಲ. ದೋಷವಿರುವುದು ಮರೆವಿನಲ್ಲಿ. ಅವನು ‘ಹಿಡಿದಿದ್ದೀಯಾ?’ ಎಂದು ಒಮ್ಮೆ ಕೇಳಿದನು. ಆ ಪ್ರಶ್ನೆಯು ತನ್ನ ಪ್ರಾಣದ ಕುರಿತಾದದ್ದು. ‘ಹೇಗಿದ್ದೀಯಾ?’ ಎಂಬ ಎರಡನೆಯ ಪ್ರಶ್ನೆಯು ಹಿಡಿದವನ ಪ್ರಾಣದ ಕುರಿತಾದದ್ದು; ಅದನ್ನು ಅವನು ಕೇಳಲಿಲ್ಲ. ಭಯವಿದ್ದಾಗ ಮೊದಲನೆಯ ಪ್ರಶ್ನೆ ತಾನಾಗಿಯೇ ಬಾಯಿಗೆ ಬರುತ್ತದೆ. ಭಯವು ತೀರಿ ಸುಖವು ಬಂದಾಗ ಎರಡನೆಯದನ್ನು ನೆನಪಿಟ್ಟು ಕೇಳಬೇಕಾಗುತ್ತದೆ. ಅವಧಾನವೆಂಬುದು ಬೇಕಾಗುವುದು ಅಲ್ಲಿಯೇ.

ಕೆಳಗಿನವನ ವಿಷಯವಾದರೋ ಇನ್ನೂ ಸೂಕ್ಷ್ಮವಾದದ್ದು. ತಾನು ಬೆಂದು ಗೆಳೆಯನಿಗೆ ಸುಖವನ್ನು ಕೊಟ್ಟವನೆಂದು ಅವನನ್ನು ಹೊಗಳಲು ಅನೇಕರು ಮುಂದಾಗಬಹುದು. ಸಹನೆಯು ಸದ್ಗುಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವನ ಸಹನೆಯು ಯಾರನ್ನು ಕಾಯಿತು? ಇನ್ನೊಂದು ಗಳಿಗೆ ಅವನು ಮೌನವಾಗಿದ್ದು, ಮುದುಕಿಯು ಕಾಣದೆ ಹೋಗಿದ್ದರೆ, ಯಾರ ಸಂತೋಷವನ್ನು ಕೆಡಿಸಬಾರದೆಂದು ಅವನು ನಿಂತನೋ ಆ ಗೆಳೆಯನ ಪ್ರಾಣಕ್ಕೇ ಅದು ಎರವಾಗುತ್ತಿತ್ತು. ಹೇಳಬೇಕಾದುದನ್ನು ಹೇಳದ ಸಹನೆಯು ಸೇವೆಯಂತೆ ಕಂಡರೂ ಸೇವೆಯಲ್ಲ. ಅದರೊಳಗೆ, ‘ನಾನು ತಾಳಬಲ್ಲೆ’ ಎಂಬ ಅಹಂಕಾರವೂ ಸ್ವಲ್ಪ ಬೆರೆತಿರುವುದುಂಟು. ತಾನು ಮಾಡುತ್ತಿದ್ದೇನೆಂಬ ಭಾವವು ಮನಸ್ಸಿನಲ್ಲಿ ಹೊಕ್ಕರೆ ಮಾಡಿದುದೆಲ್ಲವೂ ಕೆಡುವುದೆಂದು ಬಸವಾದಿ ಪ್ರಮಥರು ಬಾರಿ ಬಾರಿಗೂ ಎಚ್ಚರಿಸಿದುದು ಇದನ್ನೇ.

ಈ ಎಡೆಯಲ್ಲಿ ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯನ್ನು ನೆನೆಯುವುದು ಉಚಿತ. ಪತಿಯಾದ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ದಣಿದು ಬಂದ ಗಂಡನ ಮನಸ್ಸನ್ನು ನೋಯಿಸುವುದೇಕೆಂದು ಲಕ್ಕಮ್ಮನು ಸುಮ್ಮನಿರಬಹುದಾಗಿತ್ತು. ಆಕೆ ಸುಮ್ಮನಿರಲಿಲ್ಲ, ಹೆಚ್ಚಾದುದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳು, ಆತನು ಕೇಳಿದನು. ಅವರ ದಾಂಪತ್ಯವು ಆ ಮಾತಿನಿಂದ ಮುರಿಯಲಿಲ್ಲ. ಆ ಮಾತಿನಿಂದಲೇ ಅದು ಶರಣರ ಸಭೆಯಲ್ಲಿ ಮಾನ್ಯವಾಯಿತು. ಸತ್ಯವನ್ನು ಹೇಳತಕ್ಕವರು ಹೇಳುವುದು, ಕೇಳತಕ್ಕವರು ಕೇಳುವುದು, ಇವೆರಡೂ ಸೇರಿದಲ್ಲಿಯೇ ಸಖ್ಯ.

ಹಗ್ಗದ ಮಾತು ಬಂದಾಗ ನುಲಿಯ ಚಂದಯ್ಯನವರನ್ನು ಮರೆಯುವಂತಿಲ್ಲ. ಹುಲ್ಲನ್ನು ಕೊಯ್ದು, ಹೊಸೆದು, ಹಗ್ಗ ಮಾಡಿ ಮಾರಿ, ಬಂದುದರಲ್ಲಿ ಜಂಗಮ ದಾಸೋಹವನ್ನು ನಡೆಸಿದ ಶರಣರು ಅವರು. ಕಾಯಕದ ನಡುವೆ ಇಷ್ಟಲಿಂಗವು ಜಾರಿ ಬಿದ್ದಾಗಲೂ ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂದೂ, ಮಡಿವಾಳ ಮಾಚಯ್ಯನವರು ನಡುವೆ ಬಂದು ಸಮಾಧಾನಪಡಿಸಿದ ಮೇಲೆ, ಲಿಂಗಕ್ಕೂ ಕಾಯಕವು ತಪ್ಪದೆಂದು ಹಗ್ಗ ಮಾರುವ ಕೆಲಸವನ್ನು ಅದಕ್ಕೆ ಒಪ್ಪಿಸಿದರೆಂದೂ, ಸಲ್ಲತಕ್ಕ ಬೆಲೆಗಿಂತ ಹೆಚ್ಚು ಹಣ ಬಂದಾಗ ಅದನ್ನು ಒಲ್ಲೆನೆಂದರೆಂದೂ ಪರಂಪರೆಯು ಹೇಳುತ್ತದೆ. ಇದರ ತಾತ್ಪರ್ಯವೇನು? ಪೂಜೆಗೊಳ್ಳುವ ಲಿಂಗವೂ ಹಗ್ಗದ ಮೇಲ್ತುದಿಯಲ್ಲಿ ಸುಮ್ಮನೆ ಕುಳಿತಿರುವಂತಿಲ್ಲ; ಕೆಳತುದಿಗೆ ಇಳಿದು ಬರಬೇಕು. ದೇವರಿಗೇ ಈ ನಿಯಮವನ್ನು ವಿಧಿಸಿದ ಶರಣರು, ಸಂಬಳ ಬರುತ್ತದೆ, ಫಸಲು ಬರುತ್ತದೆ, ಊಟದ ತಟ್ಟೆ ಎದುರಿಗೆ ಬರುತ್ತದೆ ಎಂದು ಕುಳಿತ ಗೃಹಸ್ಥನಿಗೆ ಅದರಿಂದ ವಿನಾಯಿತಿಯನ್ನು ಕೊಡುವರೇ?

ಲೋಕದ ದೊಡ್ಡ ಸಾಹಸಗಳಲ್ಲಿಯೂ ಇದೇ ಸತ್ಯವು ಕಾಣುತ್ತದೆ. 1953ರ ಮೇ 29ರಂದು ಎಡ್ಮಂಡ್ ಹಿಲರಿ ಮತ್ತು ತೇನ್‌ಸಿಂಗ್ ನೋರ್ಗೆ ಎವರೆಸ್ಟ್ ಶಿಖರವನ್ನು ಮುಟ್ಟಿದರು. ಅದಕ್ಕೆ ಕೆಲವು ವಾರಗಳ ಮೊದಲು ಕೆಳಗಿನ ಹಿಮದ ಬಿರುಕೊಂದರಲ್ಲಿ ಹಿಲರಿ ಬಿದ್ದಾಗ, ಹಗ್ಗವನ್ನು ಬಿಗಿಹಿಡಿದು ಉಳಿಸಿದವನು ತೇನ್‌ಸಿಂಗನೇ. ಶಿಖರದ ಮೇಲೆ ಮೊದಲು ಕಾಲಿಟ್ಟವರಾರೆಂದು ಜಗತ್ತೆಲ್ಲ ಪೀಡಿಸಿದಾಗ, ಇಬ್ಬರೂ ಬಹುಮಟ್ಟಿಗೆ ಒಟ್ಟಿಗೇ ಮುಟ್ಟಿದೆವೆಂದು ಅವರು ಹೇಳಿಕೆಯಿತ್ತರು. ಹಿಲರಿಯು ಕೆಲವು ಹೆಜ್ಜೆ ಮುಂದಿದ್ದನೆಂಬುದನ್ನು 1955ರಲ್ಲಿ ತನ್ನ ಆತ್ಮಕಥೆಯಲ್ಲಿ ಹೇಳಿದವನು ಹಿಂದಿದ್ದ ತೇನ್‌ಸಿಂಗನೇ. ಒಂದೇ ಹಗ್ಗಕ್ಕೆ ಕಟ್ಟಿಕೊಂಡವರಲ್ಲಿ ಮುಂದು ಹಿಂದುಗಳ ಲೆಕ್ಕವು ನೋಡುವವರಿಗೆ ಮಾತ್ರ ದೊಡ್ಡದು; ಕಟ್ಟಿಕೊಂಡವರಿಗೆ ಅದು ಸಣ್ಣದು.

ಬಂಡೆಯ ಮೇಲೆ ಹಗ್ಗವು ಕಣ್ಣಿಗೆ ಕಾಣುತ್ತದೆ. ಸಂಸಾರದಲ್ಲಿ ಅದು ಕಾಣುವುದಿಲ್ಲ. ಮನೆಯ ಎಲ್ಲರೂ ಉಂಡ ಮೇಲೆ ಉಣ್ಣುವ ತಾಯಿಯ ಪಾತ್ರೆಯಲ್ಲಿ ಏನು ಉಳಿಯಿತೆಂದು ಕೇಳುವವರು ಎಷ್ಟು ಜನ? ಹಿರಿಯ ಮಗನು ವಿದ್ಯೆಯನ್ನು ಬಿಟ್ಟು ತೋಟದಲ್ಲಿ ನಿಂತುದರಿಂದ ಕಿರಿಯನು ಪರಸ್ಥಳದಲ್ಲಿ ಓದಿ ಮೇಲಕ್ಕೆ ಬಂದ ಮನೆಗಳು ಎಷ್ಟಿಲ್ಲ? ಸೊಸೆಯು ಮೈಯಲ್ಲಿ ಜ್ವರವಿದ್ದರೂ ಹಬ್ಬದ ಅಡಿಗೆಯನ್ನು ಮುಗಿಸಿ, ಅತಿಥಿಗಳು ಹೋದ ಮೇಲೆ ಮಲಗುವುದನ್ನು ಸಂಸ್ಕಾರವೆಂದು ಹೊಗಳುವ ಮನೆಗಳೂ ಉಂಟು. ಅಲ್ಲಿ ಹೊಗಳಿಕೆಗಿಂತ ‘ಹೇಗಿದ್ದೀಯಮ್ಮಾ?’ ಎಂಬ ಒಂದು ಪ್ರಶ್ನೆಯೇ ಹೆಚ್ಚಿನ ಧರ್ಮ. ಹಾಗೆಯೇ, ಕೇಳಿದಾಗ ‘ಏನೂ ಇಲ್ಲ’ ಎಂದು ಮುಚ್ಚಿಡದೆ ಇದ್ದುದನ್ನು ಇದ್ದಂತೆ ಹೇಳುವುದೂ ಧರ್ಮವೇ. ಹೇಳಲು ಅಂಜುವಂತಹ ಮನೆಯನ್ನು ಕಟ್ಟಿದವರ ಮೇಲೆ ಮಾತ್ರ ಮೊದಲಿನ ಹೊಣೆಯಿದೆ.

ಮಾಗಿಯ ಬಿಸಿಲಿಗೂ ಇಂಥದೇ ಒಂದು ಕೆಳತುದಿಯುಂಟು. ಚಳಿಯಿಲ್ಲದ ಮುಂಜಾವವು ನೋಟಕನಿಗೆ ಹಿತವಾದಾಗ, ಅದೇ ಬಿಸಿಲಿನಲ್ಲಿ ಹಣ್ಣು ಒಮ್ಮೆಲೇ ಮಾಗಿ, ಕೊಯ್ಯುವ ಕೈಗಳಿಗೆ ಮೊದಲೇ ಗಿಡದಲ್ಲಿ ಒಣಗತೊಡಗುತ್ತದೆ. ಹಳ್ಳದ ನೀರು ಬೇಗನೆ ಇಳಿಯುತ್ತದೆ. ಬೋಳುಗುಡ್ಡದ ಒಣಹುಲ್ಲು ಒಂದು ಕಿಡಿಗಾಗಿ ಕಾದಿರುತ್ತದೆ. ಭೂಮಿಯ ಬಿಸಿಯು ಏರುತ್ತಿರುವುದಕ್ಕೆ ಮನುಷ್ಯನು ಸುಡುವ ಕಲ್ಲಿದ್ದಲು ಎಣ್ಣೆಗಳೇ ಮುಖ್ಯ ಕಾರಣವೆಂಬುದು ಈಗ ಸಿದ್ಧವಾದ ವಿಷಯ. ಅದರಿಂದ ಮೇಲಕ್ಕೇರಿದವರು ಒಂದು ಕಡೆ, ಕೆಳಗೆ ಬಿಸಿಲಿನಲ್ಲಿ ಹಗ್ಗ ಹಿಡಿದು ನಿಂತವರು ಇನ್ನೊಂದು ಕಡೆ. ಒಬ್ಬ ಗೃಹಸ್ಥನಿಂದ ಋತುವನ್ನು ತಿದ್ದಲಾಗದು, ನಿಜ. ಆದರೆ ತನ್ನ ಹಗ್ಗವನ್ನು ಹಿಡಿದವರು ಯಾರೆಂದು ನೋಡುವುದು, ಅವರ ಬಾಯಿ ಒಣಗಿದೆಯೇ ಎಂದು ಕೇಳುವುದು, ಬೇಕಾದುದಕ್ಕಿಂತ ಹೆಚ್ಚಿನದನ್ನು ಒಲ್ಲೆನೆನ್ನುವುದು, ಇವು ಅವನ ಕೈಯಲ್ಲಿಯೇ ಇವೆ.

ದೃಷ್ಟಾಂತದ ಗೆಳೆಯರ ವಿಷಯವನ್ನು ಅಷ್ಟಕ್ಕೇ ಬಿಡುವಂತಿಲ್ಲ. ಸಂಜೆ ಕಣದ ಕಟ್ಟೆಯ ಮೇಲೆ ಕುಳಿತಾಗ ಅತಿಥಿಯು ತನ್ನ ಮರೆವಿಗಾಗಿ ಕ್ಷಮೆ ಬೇಡಿದನು. ಕ್ಷಮೆಯನ್ನಿತ್ತ ತೋಟದ ಮನೆಯವನ ಮನಸ್ಸಿನಲ್ಲಿ ಬೇರೊಂದು ಮಾತು ಕೊರೆಯುತ್ತಿತ್ತು. ತಾನು ನಿಂತದ್ದು ಒಂದೆರಡು ಗಂಟೆ ಮಾತ್ರ. ಆ ಮುದುಕಿಯು ಮುಂಜಾನೆಯಿಂದಲೂ ಅದೇ ಬಿಸಿಲಿನಲ್ಲಿದ್ದಳು. ತನಗೆ ಕುಡಿಸಿದ ನೀರು ಆಕೆಯ ಆ ದಿನದ ನೀರು. ಗೆಳೆಯನು ತನ್ನನ್ನು ಕೇಳಲಿಲ್ಲವೆಂದು ನೊಂದವನು, ತಾನು ಆಕೆಯನ್ನು ಎಂದಾದರೂ ಕೇಳಿದ್ದನೇ? ಬಂಡೆಯ ಬಳಿ ಕೆಳತುದಿಯಲ್ಲಿ ನಿಂತವನು ತೋಟದಲ್ಲಿ ಮೇಲ್ತುದಿಯವನಾಗಿದ್ದನು. ಮರುದಿನ ಕೊಯ್ಲಿನ ಸಾಲುಗಳ ನಡುವೆ ಎರಡು ಕಡೆ ನೀರಿನ ಕೊಡಗಳನ್ನಿರಿಸಿದರು. ಹಣ್ಣು ತೂಗುವ ಜಾಗವನ್ನು ಬಯಲಿನಿಂದ ಮರದ ನೆರಳಿಗೆ ಬದಲಾಯಿಸಿದರು. ನಡುಹಗಲಿನ ವಿಶ್ರಾಂತಿಯನ್ನು ಅರ್ಧ ಗಂಟೆ ಹೆಚ್ಚಿಸಿದರು. ಆ ಅರ್ಧ ಗಂಟೆಯ ಕೂಲಿಯನ್ನು ಕಡಿಯಲಿಲ್ಲ.

ಇದು ದೊಡ್ಡ ಕಾರ್ಯವೇನೂ ಅಲ್ಲ. ಆದರೆ ದಾಸೋಹವೆಂಬುದು ವರ್ಷಕ್ಕೊಮ್ಮೆ ಪಂಕ್ತಿಯಲ್ಲಿ ಬಡಿಸುವುದರಲ್ಲಿಯೇ ಮುಗಿಯತಕ್ಕದ್ದಲ್ಲ. ತನ್ನ ಭಾರವನ್ನು ಯಾರು ಹೊತ್ತಿರುವರೋ ಅವರ ಬಳಿಗೆ ತಾನೇ ಇಳಿದು ಹೋಗುವುದು ದಾಸೋಹ. ಸದ್ಭಕ್ತನು ದಿನವೂ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಪೂಜಿಸುತ್ತಾನೆ. ಆ ಪೂಜೆಯಿಂದ ಎದ್ದ ಮೇಲೆ ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ತನ್ನ ಹಗ್ಗವನ್ನು ಹಿಡಿದು ನಿಂತವರ ಮುಖವನ್ನು ಒಮ್ಮೆ ನೋಡಿ, ‘ಹೇಗಿದ್ದೀರಿ?’ ಎಂದು ಕೇಳುವನಾದರೆ, ಬೆಳಗಿನ ಪೂಜೆಯು ಸಂಜೆಯವರೆಗೂ ಸಾಗುವುದು.